ಕಮಲಾಪುರದ ವಸ್ತಿ ಮೋಟಾರು

ನನಗೆ ಕುರ್ಚಿಯ ಮೇಲೆ ಪೂರ್ತಿ ಕೂರಲು ಬರುವುದಿಲ್ಲ. ತುದಿಯಲ್ಲಿ ಕೂರುತ್ತೇನೆ, ಒಂದು ಕಾಲು ಬಾಗಿಲ ಕಡೆಗೇ ಇರುತ್ತದೆ. ಮದುವೆಮನೆಗೆ ಹೋದರೆ ಅಕ್ಕಿಕಾಳು ಬೀಳುವ ಮೊದಲೇ ಚಪ್ಪಲಿ ಎಲ್ಲಿ ಬಿಟ್ಟೆನೆಂದು ಹುಡುಕಲು ಶುರುಮಾಡುತ್ತೇನೆ. "ನಿನಗೇನು ಗಾಡಿ ತಪ್ಪತದೇನು?" ಎಂದು ಮನೆಯವರು ನಗುತ್ತಾರೆ. ತಪ್ಪುವ ಗಾಡಿ ಯಾವುದೂ ಇಲ್ಲ. ಇದು ನನ್ನ ಅವ್ವನಿಂದ ಬಂದ ಚಾಳಿ. ಅವಳಿಗೆ ಅದು ಅಂಟಿದ್ದು ನಿಜಾಮರ ಕಾಲದಲ್ಲಿ ಕಲಬುರಗಿಯಿಂದ ಕಮಲಾಪುರಕ್ಕೆ ಓಡುತ್ತಿದ್ದ ಮೋಟಾರಿನಿಂದ. ಆ ಮೋಟಾರನ್ನು ಕಂಡವರು ಈಗ ಹೆಚ್ಚು ಉಳಿದಿಲ್ಲ. ಉಳಿದವರು ಅದನ್ನು ಹೊಗಳುತ್ತಲೇ ಇರುತ್ತಾರೆ, ಕೇಳಿ ಕೇಳಿ ನನಗೆ ಸಿಟ್ಟು ಬರುತ್ತದೆ. ಅದಕ್ಕೇ ಬರೆಯಲು ಕೂತಿದ್ದೇನೆ, ಕುರ್ಚಿಯ ತುದಿಯಲ್ಲೇ.

ನಮ್ಮ ಮನೆ ಕಲಬುರಗಿಯ ಗಾಜಿಪುರದಲ್ಲಿತ್ತು. ಅಪ್ಪ ಗಂಜಿನಲ್ಲಿ, ಅಂದರೆ ದವಸದ ಪೇಟೆಯಲ್ಲಿ, ಕಾಳಿನ ವ್ಯಾಪಾರ ಮಾಡುತ್ತಿದ್ದರು. ಮನೆಯೊಳಗಿನ ದರ್ಬಾರು ಮಾತ್ರ ಅಪ್ಪನ ತಾಯಿಯದು, ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ಅವ್ವನ ತವರು ಕಮಲಾಪುರ. ಅಲ್ಲಿ ಅವ್ವನ ತಾಯಿ, ಅಂದರೆ ನನ್ನ ಅಜ್ಜಿ, ಸೋದರಮಾವನ ಜೊತೆ ಇದ್ದಳು. ಮನೆಯ ಹಿಂದೆ ಕೆಂಪು ಬಾಳೆಯ ತೋಟ. ನಾನು ತೀರ ಚಿಕ್ಕವಳಿದ್ದಾಗ ಅಲ್ಲಿಗೆ ಹೋಗಲು ಎತ್ತಿನ ಬಂಡಿಯೇ ಗತಿ. ಹೊತ್ತು ಹುಟ್ಟುವ ಮೊದಲು ಹೊರಟರೆ, ನಡುದಾರಿಯ ಒಂದು ಬಾವಿಯ ಹತ್ತಿರ ರೊಟ್ಟಿಯ ಬುತ್ತಿ ಬಿಚ್ಚಿ ಉಂಡು, ದೀಪ ಹಚ್ಚುವ ಹೊತ್ತಿಗೆ ಊರು ಸೇರುತ್ತಿದ್ದೆವು. ಹೋದಮೇಲೆ ಎಂಟು ದಿನ ಅಲ್ಲೇ. "ಎತ್ತು ದಣದಿರತಾವ, ಎಂಟು ದಿನ ಮೇದು ಬರ್ಲಿ" ಎಂದು ಆಯಿಯೇ ಹೇಳಿ ಕಳಿಸುತ್ತಿದ್ದಳು. ವರ್ಷಕ್ಕೆ ಎರಡು ಸಲ, ಪಂಚಮಿಗೆ ಮತ್ತು ದೀಪಾವಳಿಗೆ.

ಆ ಎಂಟು ದಿನ ಅವ್ವ ಕೂರುತ್ತಿದ್ದಳು. ಇದನ್ನು ಯಾಕೆ ಹೇಳುತ್ತೇನೆಂದರೆ, ಗಾಜಿಪುರದಲ್ಲಿ ಅವಳು ಕೂತದ್ದನ್ನು ನಾನು ನೋಡಿದ ನೆನಪಿಲ್ಲ. ತವರಿನಲ್ಲಿ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಬಾಳೆಹಣ್ಣು ತಿನ್ನುತ್ತಿದ್ದಳು, ಸಿಪ್ಪೆಯನ್ನು ಪಕ್ಕಕ್ಕೆ ಹಾಗೇ ಇಡುತ್ತಿದ್ದಳು. ಶುಕ್ರವಾರ ಬಂತೆಂದರೆ ಅಜ್ಜಿ ಅವಳ ತಲೆಗೆ ಎರೆಯುತ್ತಿದ್ದಳು. ಅದು ಅರ್ಧ ದಿನದ ಕೆಲಸ. ಎಣ್ಣೆ ಹಚ್ಚಿ ತಿಕ್ಕಬೇಕು, ಹಂಡೆಯಲ್ಲಿ ನೀರು ಕಾಯಬೇಕು, ಸೀಗೆಪುಡಿ ಹಚ್ಚಿ ತೊಳೆಯಬೇಕು. ಆಮೇಲೆ ಒಂದು ಬುಟ್ಟಿ ಬೋರಲು ಹಾಕಿ, ಅದರ ಕೆಳಗೆ ಕೆಂಡ ಇಟ್ಟು ಲೋಬಾನ ಉದುರಿಸಿ, ಬುಟ್ಟಿಯ ಮೇಲೆ ಕೂದಲು ಹರವಿ ಒಣಗಿಸಬೇಕು. ಅವ್ವನ ಕೂದಲು ಮೊಣಕಾಲಿನ ತನಕ ಇತ್ತು. ಒಣಗುವಷ್ಟರಲ್ಲಿ ಅವಳು ಅಲ್ಲೇ ಚಾಪೆಯ ಮೇಲೆ ನಿದ್ದೆ ಹೋಗಿರುತ್ತಿದ್ದಳು, ಅಜ್ಜಿ ಪಕ್ಕದಲ್ಲಿ ಕೂತು ನೊಣ ಓಡಿಸುತ್ತಿದ್ದಳು.

ಆಮೇಲೆ ಮೋಟಾರು ಬಂತು. ಗಂಜಿನ ಹತ್ತಿರದ ಬಯಲಿನಲ್ಲಿ ಅದು ಮೊದಲ ಸಲ ಬಂದು ನಿಂತಾಗ ಅರ್ಧ ಗಾಜಿಪುರ ನೋಡಲು ಹೋಗಿತ್ತು. ತಗಡಿನ ಮೈ, ಕಟ್ಟಿಗೆಯ ಬೆಂಚು, ಕಿಟಕಿಗೆ ಗಾಜು ಇಲ್ಲ. ಮುಂದೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ತಿರುವಿದರೆ ನಿದ್ದೆಗೆಟ್ಟ ಮುದುಕನಂತೆ ಕೆಮ್ಮಿ ಕೆಮ್ಮಿ ಏಳುತ್ತಿತ್ತು. ಡ್ರೈವರನ ಪಕ್ಕದಲ್ಲಿ ಹಿತ್ತಾಳೆಯ ಹಾರನ್. ಅದರ ರಬ್ಬರಿನ ಗುಂಡು ಹಿಂಡಿದರೆ ಊರಿನ ಆ ತುದಿಗೂ ಕೇಳುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ಕಲಬುರಗಿ ಬಿಟ್ಟು ಹತ್ತೂವರೆಯ ಸುಮಾರಿಗೆ ಕಮಲಾಪುರ ಸೇರಿ, ಸಂಜೆ ನಾಲ್ಕಕ್ಕೆ ಅಲ್ಲಿಂದ ತಿರುಗಿ ಹೊರಡುತ್ತಿತ್ತು. ನಾವು ಬುತ್ತಿ ಬಿಚ್ಚುತ್ತಿದ್ದ ಅದೇ ಬಾವಿಯ ಹತ್ತಿರ ನಿಲ್ಲಿಸಿ ಇಂಜಿನಿಗೆ ನೀರು ಹಾಕುತ್ತಿದ್ದರು. ಮಳೆಗಾಲದಲ್ಲಿ ಹಳ್ಳದ ಕೆಸರಿನಲ್ಲಿ ಸಿಕ್ಕಿಕೊಂಡರೆ ಗಂಡಸರೆಲ್ಲ ಇಳಿದು ನೂಕಬೇಕಾಗುತ್ತಿತ್ತು.

ಹೆಂಗಸರಿಗೆಂದು ಡ್ರೈವರನ ಹಿಂದೆ ಎರಡು ಬೆಂಚು ಬಿಟ್ಟು, ಸುತ್ತಲೂ ಪರದೆ ಕಟ್ಟಿದ್ದರು. ನಮ್ಮ ಮನೆಯ ಹೆಂಗಸರಿಗೆ ಪರದೆಯ ರೂಢಿಯೇ ಇರಲಿಲ್ಲ, ತಲೆಯ ಮೇಲೆ ಸೆರಗಿದ್ದರೆ ಸಾಕಾಗಿತ್ತು. ಮೋಟಾರಿಗೆ ಅದೆಲ್ಲ ಗೊತ್ತಿಲ್ಲ, ಹೆಂಗಸು ಎಂದರೆ ಪರದೆಯ ಒಳಗೆ. ದಾರಿ ಕಾಣುತ್ತಿರಲಿಲ್ಲ, ಗಾಳಿ ಆಡುತ್ತಿರಲಿಲ್ಲ. ನಾನು ಬೆರಳಿನಿಂದ ಪರದೆ ಸರಿಸಿ ಇಣುಕುತ್ತಿದ್ದೆ, ಬೈಸಿಕೊಳ್ಳುತ್ತಿದ್ದೆ. ಕೂಲಿಗೆ ಹೋಗುವ ಹೊಲಗೇರಿಯವರನ್ನು ಮೇಲೆ ಸಾಮಾನಿನ ಜೊತೆ ಕೂರಿಸುತ್ತಿದ್ದರು, ಒಳಗೆ ಜಾಗ ಇದ್ದಾಗಲೂ. ಮೋಟಾರು ಬಂದು ಎಲ್ಲರನ್ನೂ ಒಂದು ಮಾಡಿತು ಎನ್ನುವವರು ಅದರ ತಲೆಯ ಮೇಲೆ ಕೂತವರನ್ನು ಕೇಳಿಲ್ಲ.

ಮೋಟಾರು ಶುರುವಾದ ವರ್ಷ ಪಂಚಮಿಗೆ ಬಂಡಿ ಹೂಡುವ ಮಾತು ಬಂದಾಗ ಆಯಿ ಕಡ್ಡಿ ತುಂಡು ಮಾಡಿದಂತೆ ಹೇಳಿದಳು: "ಬಂಡಿ ಯಾಕ? ಮೋಟಾರು ಅದಲ್ಲ. ಮುಂಜಾನೆ ಹೋಗ್ಲಿ, ಸಂಜೀಕ ಬರ್ಲಿ."

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಎಂಟು ದಿನ ಇರ್ತಿದ್ನಲ್ರೀ ಅತ್ತಿ" ಎಂದಳು.

"ಎಂಟು ದಿನ ಎತ್ತಿನ ಸಲುವಾಗಿ ಬಿಡ್ತಿದ್ದೆ, ನಿನ್ನ ಸಲುವಾಗಿ ಅಲ್ಲ. ಮೋಟಾರಿಗೇನು ಕಾಲು ನೋಯ್ತಾವೇನು? ಬೇಕಂದ್ರ ತಿಂಗಳಾ ಹೋಗು, ನಾ ಬ್ಯಾಡ ಅನ್ನಂಗಿಲ್ಲ. ಸಂಜೀಕ ಮನ್ಯಾಗ ಇರಬೇಕು."

ಅಪ್ಪ ತಲೆ ತಗ್ಗಿಸಿ ಉಣ್ಣುತ್ತಿದ್ದರು. ತಾಯಿಯ ಮಾತಿಗೆ ಅವರು ಎದುರಾಡಿದವರಲ್ಲ. ಆಯಿಯೂ ಕೆಟ್ಟವಳೇನಲ್ಲ, ತನ್ನ ಲೆಕ್ಕದಲ್ಲಿ ಅವಳು ಸೊಸೆಗೆ ಹೆಚ್ಚೇ ಕೊಟ್ಟಿದ್ದಳು. ಓಣಿಯ ಹೆಂಗಸರೂ ಹಾಗೇ ತಿಳಿದರು. "ನಿನಗೇನವ್ವ, ತಿಂಗಳಾ ತವರು" ಎಂದು ಹೊಟ್ಟೆಕಿಚ್ಚು ಪಟ್ಟರು. ಅವ್ವ ನಕ್ಕು ಕೊಡ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಆ ತಿಂಗಳಿಗೊಮ್ಮೆಯ ತವರು ಹೇಗಿರುತ್ತಿತ್ತೆಂದು ನಾನು ಬಲ್ಲೆ. ನಿಜಾಮರ ರಾಜ್ಯದಲ್ಲಿ ವಾರದ ರಜೆ ಶುಕ್ರವಾರ, ನನ್ನ ಶಾಲೆಗೂ ಅಂದೇ, ಆದ್ದರಿಂದ ನಾನೂ ಜೊತೆಗಿರುತ್ತಿದ್ದೆ. ಹತ್ತೂವರೆಗೆ ಇಳಿಯುತ್ತಿದ್ದೆವು. ಮನೆ ಮುಟ್ಟಿ ಕಾಲು ತೊಳೆದದ್ದೇ ತಡ, ಅವ್ವ ಹೊರಡುವುದರ ಬಗ್ಗೆ ಮಾತಾಡಲು ಶುರುಮಾಡುತ್ತಿದ್ದಳು. ನಿಂತೇ ಉಣ್ಣುತ್ತಿದ್ದಳು. ಅಜ್ಜಿ ಒಂದು ಸುದ್ದಿ ಹೇಳಲು ಬಾಯಿ ತೆರೆದರೆ, ನಡುವೆ ಕೈ ಎತ್ತಿ, "ತಡಿಯವ್ವಾ, ಹಾರನ್ ಆಯ್ತೇನು?" ಎನ್ನುತ್ತಿದ್ದಳು. ಆಗಿರುತ್ತಿರಲಿಲ್ಲ. ಮತ್ತೆ ಸುದ್ದಿ, ಮತ್ತೆ ಕೈ. ಅಜ್ಜಿಗೆ ಆಗಲೇ ಕಣ್ಣು ಮಂಜಾಗಿದ್ದವು. ಮಗಳ ಜಡೆಯನ್ನು ಕೈಯಲ್ಲಿ ಹಿಡಿದು, "ಕೂದಲ ಹುಲ್ಲಾಗ್ಯಾವಲ್ಲ, ಒಂದು ಸಲ ಎರೀತೀನಿ ಕೂಡು" ಎಂದು ಪ್ರತಿ ಸಲವೂ ಕೇಳುತ್ತಿದ್ದಳು. "ಒಣಗಂಗಿಲ್ಲವ್ವ. ಹಸಿ ತಲಿ ಹೊತ್ತು ಮೋಟಾರ್‌ನ್ಯಾಗ ಹ್ಯಾಂಗ ಕೂಡ್ಲಿ?" ಎಂದು ಅವ್ವ ಜಡೆ ಬಿಡಿಸಿಕೊಳ್ಳುತ್ತಿದ್ದಳು. ಮೂರಕ್ಕೆಲ್ಲ ಗಂಟು ಕಟ್ಟಿ, ಮೂರೂವರೆಗೆ ನಾವು ಮೋಟಾರಿನ ಹತ್ತಿರ ಇರುತ್ತಿದ್ದೆವು. ಡ್ರೈವರನೇ ಬಂದಿರುತ್ತಿರಲಿಲ್ಲ. ಹೀಗೆ ಒಂದು ವರ್ಷವಲ್ಲ, ಎರಡು ವರ್ಷದ ಮೇಲೆ ನಡೆಯಿತು. ಅಷ್ಟು ದಿನದಲ್ಲಿ ಅಜ್ಜಿ ಒಮ್ಮೆಯೂ ಮಗಳ ತಲೆಗೆ ಎರೆಯಲಿಲ್ಲ. ಅದಕ್ಕೆ ಬೇಕಾಗಿದ್ದದ್ದು ಒಂದೇ ಒಂದು ರಾತ್ರಿಯ ವಸ್ತಿ. ಪರ ಊರಿನಲ್ಲಿ ರಾತ್ರಿ ಉಳಿಯುವುದಕ್ಕೆ ನಮ್ಮ ಕಡೆ ವಸ್ತಿ ಎನ್ನುತ್ತಾರೆ. ಅವ್ವ ಅದನ್ನು ಆಯಿಯ ಹತ್ತಿರ ಎರಡು ಸಲ ಕೇಳಿದ್ದಳು, ಎರಡು ಸಲವೂ ಎತ್ತಿನ ಮಾತೇ ಉತ್ತರವಾಗಿ ಬಂದಿತ್ತು.

ಇನ್ನು ನನ್ನ ಓದಿನ ವಿಷಯ. ಶಾಲೆಯಲ್ಲಿ ಎಲ್ಲ ಉರ್ದುವಿನಲ್ಲೇ. ಮನೆಯಲ್ಲಿ ಆ ಅಕ್ಷರ ಬಲ್ಲವಳು ನಾನೊಬ್ಬಳೇ, ಅಪ್ಪನಿಗೆ ಕನ್ನಡ ಮತ್ತು ಮರಾಠಿಯ ಮೋಡಿ ಲಿಪಿ ಬರುತ್ತಿತ್ತು. ಸರ್ಕಾರದಿಂದ ಯಾವ ಕಾಗದ ಬಂದರೂ ಆಯಿ ನನ್ನನ್ನು ಕರೆಸಿ, ಮಣೆ ಹಾಕಿ ಕೂರಿಸಿ ಓದಿಸುತ್ತಿದ್ದಳು. ಓದಿದ ಮೇಲೆ ಒಂದು ತುಂಡು ಬೆಲ್ಲ. ನಾನು ಹಿಗ್ಗಿ ಹೀರೇಕಾಯಿ ಆಗುತ್ತಿದ್ದೆ.

ಒಂದು ದೀಪಾವಳಿಯ ಮುಂಚೆ, ಕಮಲಾಪುರದ ಮೋಟಾರು ನಿಲ್ಲಿಸುತ್ತಾರಂತೆ ಎಂದು ಸುದ್ದಿ ಹಬ್ಬಿತು. ಕೆಲವರು ವೇಳೆ ಬದಲಾಗುತ್ತದೆ ಎಂದರು. ಆಯಿ, "ತಿರುಗಿ ಬರೂದು ಖಾತ್ರಿ ಇಲ್ಲಂದ್ರ ಹೋಗೂದು ಬ್ಯಾಡ" ಎಂದು ಅವ್ವನನ್ನು ತಡೆದಳು. ಮೋಟಾರು ನಿಲ್ಲುವ ಕಡೆ ಉರ್ದುವಿನಲ್ಲಿ ಒಂದು ಕಾಗದ ಅಂಟಿಸಿದ್ದಾರೆಂದು ಗೊತ್ತಾದಾಗ, ಓದಿಕೊಂಡು ಬರಲು ನನ್ನನ್ನು ಓಡಿಸಿದಳು.

ಗೋಡೆಯ ಮುಂದೆ ಜನ ಮುತ್ತಿದ್ದರು. ಯಾರೋ ಕಾರಕೂನ ಅವಸರದಲ್ಲಿ ಗೀಚಿದ ಬರಹ. ಸರ್ಕಾರಿ ತಿಂಗಳ ಒಂದನೇ ತಾರೀಖಿನಿಂದ ಎಂದಿತ್ತು, ಕಮಲಾಪುರ ಎಂದಿತ್ತು, ಅದರ ಮುಂದೆ ದಪ್ಪಗೆ ಒಂದು ಶಬ್ದ. ನಾನು ಅದನ್ನು ಕಾಯಮ್ ಎಂದು ಓದಿದೆ. ಕಾಯಂ ಎಂದರೆ ನಮ್ಮ ಓಣಿಯ ಎಮ್ಮೆಗೂ ಗೊತ್ತು. ಅಪ್ಪನ ಗಂಜಿನಲ್ಲಿ ಹಮಾಲರು ಕಾಯಂ ಆಗುತ್ತಿದ್ದರು, ಶಾಲೆಯಲ್ಲಿ ಮಾಸ್ತರರು ಕಾಯಂ ಆಗುತ್ತಿದ್ದರು. ಮೋಟಾರೂ ಕಾಯಂ ಆಯಿತು, ಇನ್ನು ನಿಲ್ಲುವುದಿಲ್ಲ. ಕೆಳಗೆ ಇನ್ನೊಂದು ಸಾಲಿತ್ತು. ಅದನ್ನು ಓದುವಷ್ಟು ಸಹನೆ ನನಗೆಲ್ಲಿ. ಬೆಲ್ಲ ನೆನಪಾಗಿ ಓಡಿಬಂದೆ.

"ಕಾಯಂ ಆಗ್ಯಾದಂತ ಆಯಿ" ಎಂದೆ.

"ಮೋಟಾರು?"

"ಹೂಂ. ಕಮಲಾಪುರದ ಮೋಟಾರು ಕಾಯಂ."

ಆಯಿಯ ಮುಖ ಬಿಚ್ಚಿಕೊಂಡಿತು. ಆ ಒಂದನೇ ತಾರೀಖು ಬಿದ್ದ ಶುಕ್ರವಾರವೇ ಹೋಗಿ ಬರಲು ಅವ್ವನಿಗೆ ಅಪ್ಪಣೆಯಾಯಿತು. ಅಜ್ಜಿಗೆಂದು ಶೇಂಗಾ ಹೋಳಿಗೆಯನ್ನು ಆಯಿ ತಾನೇ ಕಟ್ಟಿಕೊಟ್ಟಳು.

ಅಂದು ಮೋಟಾರಿನಲ್ಲಿ ಪರದೆಯ ಒಳಗೆ ಅವ್ವನ ಹೊರತು ಇನ್ನೊಬ್ಬ ಮುದುಕಿ ಇದ್ದಳು. ಹ್ಯಾಂಡಲ್ ತಿರುವುವುದನ್ನು ನೋಡಲು ನಾನು ಕೆಳಗಿಳಿದಿದ್ದೆ. ತಿರುಗಿ ಹತ್ತಿದಾಗ ಅವ್ವ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬಳೆ ಒತ್ತಿ ನೋವಾಯಿತು. "ಯಾಕವ್ವಾ?" ಎಂದೆ. "ಏನಿಲ್ಲ, ಸುಮ್ನ ಕೂಡು" ಎಂದಳು. ಬಾವಿ ಬರುವ ತನಕ ಕೈ ಬಿಡಲಿಲ್ಲ. ಪೆಟ್ರೋಲಿನ ವಾಸನೆಗೆ ಹೊಟ್ಟೆ ತೊಳಸುತ್ತಿದೆಯೆಂದು ನಾನು ತಿಳಿದೆ.

ಕಮಲಾಪುರದಲ್ಲಿ ಎಂದಿನ ಹಾಗೇ ನಿಂತು ಉಂಡಳು. ಅಂದು ಅವಳ ಚಡಪಡಿಕೆ ಎಂದಿಗಿಂತ ಹೆಚ್ಚು. ಹನ್ನೆರಡರ ಬಿಸಿಲಿನಲ್ಲಿ, "ಮೋಟಾರು ಎಲ್ಲಿ ನಿಂತದ ಒಂದು ಸಲ ನೋಡಿ ಬರ್ತೀನಿ" ಎಂದು ಹೋದಳು. ಬಂದಳು. ಎರಡು ಗಂಟೆಯ ಸುಮಾರಿಗೆ ಮತ್ತೆ ಹೋದಳು. ಅಜ್ಜಿ ಬೇಸರಪಟ್ಟು, "ಮೋಟಾರು ನೋಡಾಕ ಬಂದೀಯೇನು, ನನ್ನ ನೋಡಾಕ ಬಂದೀಯೇನು?" ಎಂದಳು. ನನಗೂ ಹಾಗೇ ಅನಿಸಿತು. ತಾಯಿ ಮನೆಯಲ್ಲಿ ಒಂದು ಗಳಿಗೆ ಕೂರಲಾರದವಳಿಗೆ ತವರು ಯಾಕೆ ಬೇಕು ಎಂದು ಒಳಗೊಳಗೆ ಬೈದುಕೊಂಡೆ.

ಮೂರೂವರೆಗೆ ಗಂಟು ಹಿಡಿದು ನಾವಿಬ್ಬರೂ ಹೋದೆವು. ಮೋಟಾರು ಹುಣಸೆಮರದ ಕೆಳಗೆ ನಿಂತಿತ್ತು. ಡ್ರೈವರ್ ನೆರಳಿನಲ್ಲಿ ರುಮಾಲು ತಲೆದಿಂಬು ಮಾಡಿಕೊಂಡು ಮಲಗಿದ್ದ. ನಮ್ಮನ್ನು ನೋಡಿ ಎದ್ದು ಕೂತ.

"ಆಜ್ ನೈ ಜಾತಾ, ಬಾಯಿ. ಇವತ್ತಿನಿಂದ ಗಾಡಿ ಇಲ್ಲೇ ವಸ್ತಿ. ನಾಳಿಯಿಂದ ಮುಂಜಾನೆ ಏಳಕ್ಕ ಬಿಟ್ಟು ಸಂಜೀಕ ತಿರುಗಿ ಇಲ್ಲಿ ಬರ್ತದ. ಕಾಗದ ಹಚ್ಚೇವಲ್ಲ, ಕಿಯಾಮ್ ಅಂತ ಬರದದ, ನೋಡಿಲ್ಲೇನು?"

ಕಿಯಾಮ್ ಎಂದರೆ ತಂಗುವುದು. ಕಾಫ್, ಯೇ, ಅಲಿಫ್, ಮೀಮ್. ಕಾಯಮಿಗೂ ಅವೇ ನಾಲ್ಕು ಅಕ್ಷರ, ನಡುವಿನ ಎರಡು ಮಾತ್ರ ಅದಲು ಬದಲು. ಶಾಲೆಯಲ್ಲಿ ಓದಿದ್ದ ಶಬ್ದವೇ. ಗೋಡೆಯ ಮುಂದೆ ನಿಂತವಳ ಬಾಯಿಗೆ ಮಾತ್ರ ಗಂಜಿನ ಕಾಯಂ ಬಂದುಬಿಟ್ಟಿತ್ತು. ಆಯಿಯ ಮುಖ ಕಣ್ಣ ಮುಂದೆ ಬಂದು ನಾನು ಅಳಲು ಶುರುಮಾಡಿದೆ.

ಅವ್ವ, "ಹೌದೇನು?" ಎಂದಳು. ಅಲ್ಲೇ ಒಂದು ಕಲ್ಲಿನ ಮೇಲೆ ಕೂತಳು. ಹೆದರಿ ಕೂತಿರಬೇಕೆಂದು ನಾನು ಇನ್ನೂ ಜೋರಾಗಿ ಅತ್ತೆ. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಬಂದದ್ದಕ್ಕಿಂತ ಬಿರುಸಾಗಿ ಮನೆಯ ದಾರಿ ಹಿಡಿದಳು. ಬಾಗಿಲಿನಿಂದಲೇ, "ಅವ್ವಾ, ಹಂಡೇಕ ಉರಿ ಹಚ್ಚು" ಎಂದಳು.

ಅಜ್ಜಿ ಏನು ಏತಕ್ಕೆ ಎಂದು ಕೇಳಲಿಲ್ಲ. ಎಣ್ಣೆಯ ಬಟ್ಟಲು ತಂದಳು. ಸಂಜೆಯ ಬಿಸಿಲು ಇನ್ನೂ ಅಂಗಳದಲ್ಲಿತ್ತು, ಸೋದರಮಾವ ತೋಟದಿಂದ ಬರುವಷ್ಟರಲ್ಲಿ ಅವ್ವನ ಕೂದಲು ಬುಟ್ಟಿಯ ಮೇಲೆ ಹರಡಿತ್ತು. ಅಜ್ಜಿ ಒಂದೊಂದು ಎಳೆಯನ್ನೂ ಬೆರಳಿನಿಂದ ಬಿಡಿಸುತ್ತಿದ್ದಳು, ಕಣ್ಣು ಕಾಣದ್ದಕ್ಕೆ ಮೂಗಿನ ಹತ್ತಿರ ತಂದು ನೋಡುತ್ತಿದ್ದಳು. ನಾನು ಕಂಬಕ್ಕೆ ಒರಗಿ ಮರುದಿನದ ಏಟಿನ ಬಗ್ಗೆ ಯೋಚಿಸುತ್ತಿದ್ದೆ.

ಏಟು ಬಿತ್ತು. ಮೋಟಾರು ತಿರುಗಿ ಬರದಿದ್ದಾಗ ಅಪ್ಪ ಗಂಜಿನಲ್ಲಿ ವಿಚಾರಿಸಿದ್ದರು, ಆಯಿ ಓಣಿಯ ಮುನ್ಶಿಯವರನ್ನು ಕಳಿಸಿ ಕಾಗದ ಓದಿಸಿದ್ದಳು. ನಾವು ಹೊಸ್ತಿಲು ದಾಟುತ್ತಲೇ ನನ್ನ ಕೆನ್ನೆಗೆ ಬಿಟ್ಟಳು. "ಕಾಯಂ ಅಲ್ಲಂತ, ಕಿಯಾಮ್ ಅಂತ. ಬೇಕಂತ ಸುಳ್ಳು ಓದಿದ್ಯೋ, ಓದಾಕ ಬರಂಗಿಲ್ಲೋ?"

ಸುಳ್ಳುಬುರುಕಿ ಆಗಬೇಕೋ ದಡ್ಡಿ ಆಗಬೇಕೋ ಎರಡೇ ದಾರಿ ಇದ್ದವು. ನಾನು ನಿಜ ಹೇಳಿದೆ. "ತಪ್ಪಿ ಓದಿದೆ ಆಯಿ."

"ಹಂಗಾದ್ರ ಇನ್ನ ಓದಬ್ಯಾಡ" ಎಂದಳು. ಅಂದಿನಿಂದ ಮನೆಯ ಕಾಗದಗಳು ಮುನ್ಶಿಯವರ ಬಳಿಗೆ ಹೋದವು. ಮಣೆಯೂ ಹೋಯಿತು, ಬೆಲ್ಲವೂ ಹೋಯಿತು. ಬೆಲ್ಲ ಹೋದದ್ದು ದೊಡ್ಡದಲ್ಲ. ನನ್ನ ಕಣ್ಣಿನ ಮೇಲೆ ನನಗಿದ್ದ ನಂಬಿಕೆ ಹೋಯಿತು. ಈಗಲೂ ಒಂದು ಸಾಲನ್ನು ಎರಡು ಮೂರು ಸಲ ಓದದೆ ಮುಂದೆ ಹೋಗಲಾರೆ, ಓದಿದ ಮೇಲೂ ಒಳಗೊಂದು ಹುಳ ಕೊರೆಯುತ್ತಲೇ ಇರುತ್ತದೆ.

ಅವ್ವ ಅಷ್ಟು ಹೊತ್ತೂ ಬಾಗಿಲ ಬಳಿ ನಿಂತಿದ್ದಳು. ಆಯಿ ಮೂಗು ಅರಳಿಸಿ, "ಎರಕೊಂಡು ಬಂದೀಯೇನು?" ಎಂದಳು. ಲೋಬಾನದ ವಾಸನೆ ಮುಚ್ಚಿಡುವಂಥದ್ದಲ್ಲ.

"ಹೂನ್ರೀ ಅತ್ತಿ."

ಆಯಿ ನನ್ನನ್ನು ಬಿಟ್ಟು ಅವ್ವನ ಜಡೆಯ ಕಡೆ ನೋಡಿದಳು. ತಾನೇ ಹಾಕಿದ ಕಟ್ಟಿನಲ್ಲಿ ತಾನೇ ಸಿಕ್ಕಿಕೊಂಡಿದ್ದಳು. ಕೊನೆಗೆ, "ಎತ್ತು ನಿಂತ್ರ ನಿಲ್ಲಬೇಕು, ಮೋಟಾರು ನಿಂತ್ರೂ ನಿಲ್ಲಬೇಕಾಗ್ತದ, ಏನು ಮಾಡೂದು" ಎಂದಳು. "ಆದ್ರ ತಿಂಗಳಾ ಅಲ್ಲ. ಪಂಚಮಿಗಿ ಒಂದು ವಸ್ತಿ, ದೀಪಾವಳಿಗಿ ಒಂದು ವಸ್ತಿ." ಅಜ್ಜಿ ಇರುವ ತನಕ ಹಾಗೇ ನಡೆಯಿತು. ಬಂಡಿಯ ಎಂಟು ದಿನ ಹೋಗಿ, ಮೋಟಾರಿನ ಐದೂವರೆ ತಾಸು ಹೋಗಿ, ಕೊನೆಗೆ ಒಂದು ರಾತ್ರಿ ಉಳಿಯಿತು.

ಇದು ಇಷ್ಟೇ ಎಂದು ನಾನು ತಿಳಿದಿದ್ದೆ. ಎಷ್ಟೋ ವರ್ಷಗಳ ಮೇಲೆ, ಅಪ್ಪ ಇಲ್ಲವಾದ ಬಳಿಕ, ಅವ್ವ ನನ್ನ ಮನೆಯಲ್ಲಿದ್ದಳು. ಒಂದು ಶುಕ್ರವಾರ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಆಗ ಅವಳ ಕೂದಲು ನನ್ನ ಒಂದು ಹಿಡಿಗೆ ತುಂಬುತ್ತಿರಲಿಲ್ಲ. ಏನೋ ಮಾತಿಗೆ ಕಾಯಂ ಎನ್ನುವ ಶಬ್ದ ಬಂತು. ಅವ್ವ ನಕ್ಕಳು.

"ನೀ ತಪ್ಪಿ ಓದಿದ್ದು ನನಗ ಕಲಬುರಗ್ಯಾಗ ಗೊತ್ತಾಗಿತ್ತು" ಎಂದಳು. "ನೀ ಹ್ಯಾಂಡಲ್ ನೋಡಾಕ ಇಳದಿದ್ದಿ. ಪರದಿ ಹೊರಗ ಕಂಡಕ್ಟರ್ ಯಾರಿಗೋ ಹೇಳಾಕತ್ತಿದ್ದ, ಇವತ್ತಿನಿಂದ ಗಾಡಿ ವಸ್ತಿ, ಸಂಜೀಕ ಬರಂಗಿಲ್ಲ ಅಂತ."

ನನ್ನ ಕೈ ನಿಂತಿತು. "ಮತ್ತ ಇಳೀಲಿಲ್ಲ ಯಾಕ?"

"ಇಳದಿದ್ರ ಮತ್ತ ಹತ್ತಾಕ ಬಿಡ್ತಿದ್ರೇನು?"

"ಅಷ್ಟು ಗೊತ್ತಿದ್ದು ಅಲ್ಲಿ ಹೋಗಿ ಚಡಪಡಸಿದ್ಯಲ್ಲ. ಎರಡು ಸಲ ಮೋಟಾರು ನೋಡಿ ಬಂದಿ."

"ಹೊಂಟು ಹೋದೀತು ಅಂತ ಅಂಜಿಕಿ. ಡ್ರೈವರ್ ಮನಸ್ಸು ಬದಲಾಗಿ ಗಾಡಿ ತಿರುಗಿಸಿದ್ರ? ನಿಂತದ ಇಲ್ಲೋ ಅಂತ ನೋಡಾಕ ಹೋಗಿದ್ದೆ."

ನನಗೆ ಸಿಟ್ಟು ಬಂತು, ಕಣ್ಣಲ್ಲಿ ನೀರು ಬರುವಷ್ಟು ಸಿಟ್ಟು. ಇಷ್ಟು ವರ್ಷ ಒಂದೊಂದು ಸಾಲನ್ನೂ ಮೂರು ಸಲ ಓದಿದವಳು ನಾನು. "ನನಗ ಏಟು ಬಿತ್ತಲ್ಲವ್ವ. ನೀ ಬಾಗಲದಾಗ ನಿಂತು ನೋಡಿದಿ."

"ನೋಡಿದೆ" ಎಂದಳು. "ನನಗ ಗೊತ್ತಿತ್ತು ಅಂತ ನಾ ಅಂದಿದ್ರ ಮುಂದ ಎಂದೂ ಕಳಸ್ತಿರಲಿಲ್ಲ. ನಿನ್ನ ಕೆನ್ನಿ ಕೊಟ್ಟು ನಮ್ಮವ್ವನ್ನ ತಗೊಂಡೆ. ತಪ್ಪು ನಂದ."

ಎದ್ದು ಹೋಗಿಬಿಡಬೇಕು ಎನಿಸಿತು, ಆದರೆ ಎರಡೂ ಕೈ ಎಣ್ಣೆಯಾಗಿದ್ದವು. ಅವಳನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಕೂರಿಸಿ, ತಂಬಿಗೆಯ ಮೇಲೆ ತಂಬಿಗೆ ಗಡಬಡಿಸಿ ಸುರಿಯತೊಡಗಿದೆ. ಅವಳು ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಕಣ್ಣು ಮುಚ್ಚಿಕೊಂಡಳು. ಕಮಲಾಪುರದ ಕಟ್ಟೆಯನ್ನು ಬಿಟ್ಟರೆ ಅವಳು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ.

"ಸಾವಕಾಶ ಎರಿಯವ್ವ" ಎಂದಳು. "ಇವತ್ತ ನಂದು ವಸ್ತಿ ಅದ."